ಔಟ್‌ಬ್ಯಾಕ್ ಸ್ಟೇಕ್‌ಹೌಸ್: ವಹಿವಾಟು ಮತ್ತು ನೆಲೆಗಳು

ಔಟ್‌ಬ್ಯಾಕ್ ಸ್ಟೇಕ್‌ಹೌಸ್ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ 1988ರ ಮಾರ್ಚ್‌ನಲ್ಲಿ ಹುಟ್ಟಿದ ಹೋಟೆಲು ಸರಪಳಿ. ದನದ ಮಾಂಸದ ದಪ್ಪ ಹೋಳನ್ನು ಬೆಂಕಿಯ ಮೇಲೋ ಕಾದ ಕಬ್ಬಿಣದ ಹಲಗೆಯ ಮೇಲೋ ಸುಟ್ಟು ಬಡಿಸುವ ಸ್ಟೇಕ್ ಇದರ ಮುಖ್ಯ ತಿನಿಸು. ಅಮೆರಿಕದಲ್ಲಿ ಕ್ಯಾಶುಯಲ್ ಡೈನಿಂಗ್ ಎಂದು ಕರೆಯುವ ನಡುವಿನ ವರ್ಗಕ್ಕೆ ಇದು ಸೇರುತ್ತದೆ. ಕೌಂಟರಿನಲ್ಲಿ ದುಡ್ಡು ಕೊಟ್ಟು ತಟ್ಟೆಯನ್ನು ತಾನೇ ಹೊತ್ತು ತರುವ ಜಾಗ ಇದಲ್ಲ, ಕೋಟು ತೊಟ್ಟು ಹೋಗಬೇಕಾದ ಜಾಗವೂ ಅಲ್ಲ. ಮೇಜಿನ ಬಳಿಗೆ ಬಂದು ಬಡಿಸುವವರಿರುತ್ತಾರೆ, ಮಕ್ಕಳು ಗಲಾಟೆ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಬಿಲ್ಲು ಮಧ್ಯಮ ವರ್ಗದ ಕುಟುಂಬಕ್ಕೆ ತಿಂಗಳಿಗೊಮ್ಮೆಯಾದರೂ ನಿಲುಕುತ್ತದೆ. ಮಾತೃಸಂಸ್ಥೆ ಬ್ಲೂಮಿನ್ ಬ್ರ್ಯಾಂಡ್ಸ್ ಟ್ಯಾಂಪಾದಲ್ಲೇ ಇದೆ. ಇಟಾಲಿಯನ್ ಅಡುಗೆಯ ಕರಾಬಾಸ್, ಮೀನಿನ ಬೋನ್‌ಫಿಶ್ ಗ್ರಿಲ್ ಮತ್ತು ದುಬಾರಿ ಸ್ಟೇಕ್‌ನ ಫ್ಲೆಮಿಂಗ್ಸ್ ಕೂಡ ಇದೇ ಸಂಸ್ಥೆಯವು.

ಹೆಸರಿನಿಂದ ಮೋಸ ಹೋಗುವವರು ಬಹಳ. ಔಟ್‌ಬ್ಯಾಕ್ ಎಂದರೆ ಆಸ್ಟ್ರೇಲಿಯದ ಒಣ ಒಳನಾಡು. ಗೋಡೆಯ ಮೇಲೆ ಬೂಮರಾಂಗ್, ಮೆನುವಿನಲ್ಲಿ ಆಸ್ಟ್ರೇಲಿಯದ ಊರುಗಳ ಹೆಸರು, ಜಾಹೀರಾತಿನಲ್ಲಿ ಆ ನಾಡಿನ ಉಚ್ಚಾರಣೆ. ಆದರೆ ಅಡುಗೆಯ ಬೇರು ಇರುವುದು ಅಮೆರಿಕದ ದಕ್ಷಿಣದಲ್ಲಿ, ಅದರಲ್ಲೂ ನ್ಯೂ ಆರ್ಲಿಯನ್ಸ್‌ನ ಖಾರ ಮಸಾಲೆಯಲ್ಲಿ. 1986ರ ‘ಕ್ರೊಕಡೈಲ್ ಡಂಡಿ’ ಚಿತ್ರ ಅಮೆರಿಕದವರಲ್ಲಿ ಆಸ್ಟ್ರೇಲಿಯದ ಹುಚ್ಚು ಹಿಡಿಸಿತ್ತು. ಸ್ಥಾಪಕರು ಆ ಗಾಳಿಗೆ ಹಾಯಿ ಬಿಚ್ಚಿದರು, ಅಷ್ಟೆ. ಹೋಟೆಲು ತೆರೆಯುವ ಮುನ್ನ ಅವರಲ್ಲಿ ಯಾರೂ ಆಸ್ಟ್ರೇಲಿಯಕ್ಕೆ ಕಾಲಿಟ್ಟಿರಲಿಲ್ಲ. ಮುಂದೆ ಆಸ್ಟ್ರೇಲಿಯದಲ್ಲೇ ಈ ಹೆಸರಿನ ಕೆಲವು ಹೋಟೆಲುಗಳು ತೆರೆದವು. ಅಲ್ಲಿನ ಜನ ಅದನ್ನು ಅಮೆರಿಕದ ಊಟವೆಂದೇ ತಿನ್ನುತ್ತಾರೆ.

ಹುಟ್ಟು

ಸ್ಥಾಪಕರು ಕ್ರಿಸ್ ಸಲಿವನ್, ಬಾಬ್ ಬ್ಯಾಶಮ್, ಟಿಮ್ ಗ್ಯಾನನ್ ಮತ್ತು ಟ್ರೂಡಿ ಕೂಪರ್. ಸಲಿವನ್ ಮತ್ತು ಬ್ಯಾಶಮ್ ಪಳಗಿದ್ದು ನಾರ್ಮನ್ ಬ್ರಿಂಕರ್ ಎಂಬ ಉದ್ಯಮಿಯ ಗರಡಿಯಲ್ಲಿ. ಬ್ರಿಂಕರ್ 1966ರಲ್ಲಿ ಡಲ್ಲಾಸ್‌ನಲ್ಲಿ ಸ್ಟೇಕ್ ಅಂಡ್ ಏಲ್ ತೆರೆದು, ಸಾಮಾನ್ಯರಿಗೂ ಸ್ಟೇಕ್ ನಿಲುಕುವಂತೆ ಮಾಡಿದ ಮನುಷ್ಯ. ಸಲಾಡ್ ಬಾರನ್ನು ಅಮೆರಿಕದ ಹೋಟೆಲುಗಳಲ್ಲಿ ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು. ಸಲಿವನ್ ಮತ್ತು ಬ್ಯಾಶಮ್ ಮುಂದೆ ಚಿಲೀಸ್ ಹೋಟೆಲುಗಳನ್ನು ಫ್ರಾಂಚೈಸಿಯಾಗಿ ನಡೆಸಿ, ಅವನ್ನು ಬ್ರಿಂಕರ್‌ರ ಕಂಪನಿಗೇ ಮಾರಿ, ಬಂದ ಹಣದಿಂದ ಔಟ್‌ಬ್ಯಾಕ್ ಕಟ್ಟಿದರು. ಟ್ಯಾಂಪಾದ ಸುತ್ತ ನಾಲ್ಕೈದು ಹೋಟೆಲು ನಡೆಸಿಕೊಂಡು, ಉಳಿದ ಹೊತ್ತು ಗಾಲ್ಫ್ ಆಡಿಕೊಂಡು ಇರುವುದು ಮೊದಲಿನ ಯೋಚನೆ. ಮೊದಲ ಹೋಟೆಲು ಹೆಂಡರ್ಸನ್ ಬುಲವಾರ್ಡ್‌ನಲ್ಲಿ ಬಾಗಿಲು ತೆರೆಯಿತು.

ಕಾಲ ಅಷ್ಟೇನೂ ಅನುಕೂಲವಾಗಿರಲಿಲ್ಲ. ಕೊಲೆಸ್ಟರಾಲ್ ಮಾತು ಮನೆಮನೆಗೂ ಬಂದಿದ್ದ 1980ರ ದಶಕ ಅದು. ಅಮೆರಿಕದವರು ದನದ ಮಾಂಸ ತಿನ್ನುವುದನ್ನು ಕಡಿಮೆ ಮಾಡುತ್ತಿದ್ದರು. ಸ್ಥಾಪಕರ ಲೆಕ್ಕ ಬೇರೆಯಿತ್ತು. ಮನೆಯಲ್ಲಿ ಬಿಟ್ಟದ್ದನ್ನು ಜನ ಹೊರಗೆ ಹೋದಾಗ ಆಸೆಪಟ್ಟು ತಿನ್ನುತ್ತಾರೆ, ಅಪರೂಪಕ್ಕೆ ತಿನ್ನುವಾಗ ಒಳ್ಳೆಯದನ್ನೇ ಕೇಳುತ್ತಾರೆ ಎಂದು ಅವರು ಎಣಿಸಿದ್ದರು. ಲೆಕ್ಕ ತಪ್ಪಲಿಲ್ಲ.

ಸ್ಟೇಕ್ ಎಲ್ಲ ಕಡೆ ಸಿಗುತ್ತಿತ್ತು. ಔಟ್‌ಬ್ಯಾಕ್‌ನ ಹೆಸರನ್ನು ಬಾಯಿಂದ ಬಾಯಿಗೆ ಹರಡಿದ್ದು ಒಂದು ಈರುಳ್ಳಿ. ದೊಡ್ಡ ಗಾತ್ರದ ಈರುಳ್ಳಿಯನ್ನು ಬುಡ ಬಿಡದಂತೆ ಸೀಳಿ, ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದರೆ ತಾವರೆಯಂತೆ ಅರಳಿಕೊಳ್ಳುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಗ್ಯಾನನ್ ತಂದ ತಿನಿಸು ಇದು. ಹೆಸರು ಬ್ಲೂಮಿನ್ ಆನಿಯನ್. ಮನೆಯಲ್ಲಿ ಮಾಡಲಾಗದ್ದು, ನಾಲ್ಕು ಜನ ಹಂಚಿಕೊಂಡು ತಿನ್ನಬೇಕಾದದ್ದು, ಸಾಮಗ್ರಿಯ ವೆಚ್ಚವೋ ಅತಿ ಕಡಿಮೆ. ಹೋಟೆಲಿನವನಿಗೆ ಇದಕ್ಕಿಂತ ಒಳ್ಳೆಯ ಪದಾರ್ಥ ಇನ್ನೇನು ಬೇಕು? ಇಡೀ ಕಂಪನಿಯೇ ಕೊನೆಗೆ ಈ ಈರುಳ್ಳಿಯ ಹೆಸರು ಇಟ್ಟುಕೊಂಡಿತು.

ರಾತ್ರಿಯೂಟ ಮತ್ತು ಅಗ್ಗದ ನೆಲ

ಔಟ್‌ಬ್ಯಾಕ್‌ನ ಮೊದಲ ಇಪ್ಪತ್ತು ವರ್ಷಗಳ ಯಶಸ್ಸನ್ನು ಆಸ್ಟ್ರೇಲಿಯದ ಅಲಂಕಾರದಲ್ಲಿ ಹುಡುಕುವವರು ಮುಖ್ಯವಾದದ್ದನ್ನು ಕಾಣುವುದಿಲ್ಲ. ಅದರ ಗುಟ್ಟಿದ್ದದ್ದು ಗಡಿಯಾರದಲ್ಲಿ. ಹೋಟೆಲು ತೆರೆಯುತ್ತಿದ್ದದ್ದು ಸಂಜೆ ಮಾತ್ರ. ಮಧ್ಯಾಹ್ನ ಬಾಗಿಲು ಮುಚ್ಚಿರುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಬರುವವರು ಆಫೀಸಿನ ಜನ. ಅವರು ಬೇಕೆಂದರೆ ನಗರದ ನಡುವೆ, ದೊಡ್ಡ ಕಚೇರಿಗಳ ಪಕ್ಕ, ದುಬಾರಿ ಬಾಡಿಗೆಗೆ ಜಾಗ ಹಿಡಿಯಬೇಕು. ರಾತ್ರಿಯೂಟಕ್ಕೆ ಬರುವವರು ಮನೆಯಿಂದ ಬರುತ್ತಾರೆ. ಮನೆಗಳಿರುವುದು ಹೊರವಲಯದ ಬಡಾವಣೆಗಳಲ್ಲಿ. ಅಲ್ಲಿ ನೆಲ ಅಗ್ಗ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ.

ಹಾಗಾಗಿ ಒಳ್ಳೆಯ ಆದಾಯದ ಕುಟುಂಬಗಳ ಹತ್ತಿರ, ಆದರೆ ಎರಡನೇ ದರ್ಜೆಯ ಜಾಗದಲ್ಲಿ ಕೂರುವುದು ಕಂಪನಿಯ ರೀತಿಯಾಯಿತು. ದಿನಸಿ ಅಂಗಡಿ, ಡ್ರೈಕ್ಲೀನಿಂಗ್ ಅಂಗಡಿ ಸಾಲಾಗಿರುವ ರಸ್ತೆಬದಿಯ ಸಣ್ಣ ವ್ಯಾಪಾರ ಸಂಕೀರ್ಣದ ಒಂದು ಮೂಲೆಯೂ ಅವರಿಗೆ ಸಾಕಿತ್ತು. ಬೇರೆಯವರು ನಡೆಸಲಾಗದೆ ಬಿಟ್ಟುಹೋದ ಹೋಟೆಲಿನ ಕಟ್ಟಡ ಸಿಕ್ಕರೆ ಅದಕ್ಕೇ ಬಣ್ಣ ಬಳಿದು ಫಲಕ ತೂಗಿಹಾಕಿದ್ದೂ ಉಂಟು. ಜಾಗದಲ್ಲಿ ಉಳಿಸಿದ ಹಣವನ್ನು ತಟ್ಟೆಗೆ ಹಾಕಿದರು. ಕಟ್ಟಡದ ಒಳಗೂ ಇದೇ ಬುದ್ಧಿ. ಹೆಚ್ಚು ಮೇಜು ತುರುಕಿದರೆ ಹೆಚ್ಚು ದುಡ್ಡು ಎಂಬುದು ಹೋಟೆಲಿನವರ ಸಾಮಾನ್ಯ ಆಸೆ. ಇವರು ಕಟ್ಟಡದ ಅರ್ಧದ ಹತ್ತಿರದಷ್ಟು ಜಾಗವನ್ನು ಅಡುಗೆಮನೆಗೇ ಬಿಟ್ಟರು. ಬಡಿಸುವವರಿಗೆ ತಲಾ ಮೂರೇ ಮೇಜು.

ಒಂದೇ ಹೊತ್ತಿನ ಕೆಲಸದಿಂದ ಇನ್ನೊಂದು ಲಾಭವೂ ಇತ್ತು. ಹೋಟೆಲು ಕೆಲಸ ಮನುಷ್ಯನನ್ನು ಹಿಂಡುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ಬಂದ ಮ್ಯಾನೇಜರು ನಡುರಾತ್ರಿಗೆ ಮನೆ ಸೇರುತ್ತಾನೆ, ವರ್ಷ ತುಂಬುವುದರೊಳಗೆ ಬೇರೆ ಕೆಲಸ ಹುಡುಕುತ್ತಾನೆ. ಔಟ್‌ಬ್ಯಾಕ್‌ನ ಮ್ಯಾನೇಜರಿಗೆ ಅರ್ಧ ದಿನ ತನ್ನದಾಗಿತ್ತು. ಜೊತೆಗೆ ಅವನು ಬರೀ ಸಂಬಳದವನಲ್ಲ, ಪಾಲುದಾರ. 25,000 ಡಾಲರ್ ತನ್ನ ಕೈಯಿಂದ ಹಾಕಿ, ಐದು ವರ್ಷದ ಕರಾರಿಗೆ ಸಹಿ ಮಾಡಿದರೆ ತಾನು ನಡೆಸುವ ಶಾಖೆಯ ನಗದು ಲಾಭದಲ್ಲಿ ಶೇ. 10 ಅವನದು. ತನ್ನ ದುಡ್ಡು ಒಲೆಯ ಮೇಲಿದ್ದಾಗ ಸ್ಟೇಕ್ ಸೀದುಹೋಗಲು ಯಾರೂ ಬಿಡುವುದಿಲ್ಲ.

ಈ ಪದ್ಧತಿಯ ಬಲದಿಂದ ಕಂಪನಿ ಓಡಿತು. 1991ರಲ್ಲಿ ಷೇರುಪೇಟೆಗೆ ಬಂತು. 1990ರ ದಶಕದ ಮಧ್ಯಭಾಗಕ್ಕೆ ಶಾಖೆಗಳ ಸಂಖ್ಯೆ ಇನ್ನೂರು ದಾಟಿತ್ತು. 2007ರ ಹೊತ್ತಿಗೆ ಕಂಪನಿಯದೇ ಆದವು ಮತ್ತು ಫ್ರಾಂಚೈಸಿಯವು ಸೇರಿ ಅಮೆರಿಕದೊಳಗೇ 800ರ ಹತ್ತಿರ ಬಂದಿತ್ತು. ಅಲ್ಲಿಂದ ಮುಂದೆ ಆ ಸಂಖ್ಯೆ ಏರಿಲ್ಲ. ಈಗ 700ಕ್ಕಿಂತ ಕಡಿಮೆಯಿದೆ.

ಸಾಲದ ಕಾಲ

2007ರ ಜೂನ್‌ನಲ್ಲಿ ಬೇನ್ ಕ್ಯಾಪಿಟಲ್ ಮತ್ತು ಕ್ಯಾಟರ್ಟನ್ ಪಾರ್ಟ್‌ನರ್ಸ್ ಎಂಬ ಎರಡು ಪ್ರೈವೇಟ್ ಈಕ್ವಿಟಿ ಸಂಸ್ಥೆಗಳು ಸ್ಥಾಪಕರ ಜೊತೆಗೂಡಿ ಕಂಪನಿಯನ್ನು ಸುಮಾರು 320 ಕೋಟಿ ಡಾಲರಿಗೆ ಕೊಂಡು ಷೇರುಪೇಟೆಯಿಂದ ಹೊರಗೆ ತಂದವು. ಇಂಥ ಖರೀದಿಯಲ್ಲಿ ಕೊಳ್ಳುವವರ ಸ್ವಂತ ಹಣ ಸ್ವಲ್ಪ, ಸಾಲ ಹೆಚ್ಚು. ಸಾಲ ತೀರಿಸುವ ಹೊಣೆ ಮಾತ್ರ ಕೊಳ್ಳಲ್ಪಟ್ಟ ಕಂಪನಿಯ ಹೆಗಲಿಗೆ ಬೀಳುತ್ತದೆ. ಹಣ ಹೊಂದಿಸಲು ಕಂಪನಿಯ ಸ್ವಂತದ ಮುನ್ನೂರಕ್ಕೂ ಹೆಚ್ಚು ನೆಲ-ಕಟ್ಟಡಗಳನ್ನು, ನೂರು ಕೋಟಿ ಡಾಲರಿಗೆ ಹತ್ತಿರದ ಬೆಲೆಗೆ, ಅದೇ ಒಡೆಯರ ಇನ್ನೊಂದು ಸಂಸ್ಥೆಗೆ ಬರೆದುಕೊಟ್ಟು ಬಾಡಿಗೆಗೆ ಹಿಂದಕ್ಕೆ ಪಡೆಯಲಾಯಿತು. ನಿನ್ನೆಯವರೆಗೆ ಸ್ವಂತ ಮನೆಯಲ್ಲಿದ್ದವರು ಅದೇ ಮನೆಯಲ್ಲಿ ಬಾಡಿಗೆದಾರರಾದರು. 2016ರಲ್ಲಿ ಕಂಪನಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಇದೇ ಬಗೆಯ ಮಾರಾಟ ಮಾಡಿತು.

2007ರ ಮಾರಾಟ ಮುಗಿದು ವರ್ಷ ಕಳೆಯುವುದರೊಳಗೆ ಅಮೆರಿಕದ ಆರ್ಥಿಕ ಕುಸಿತ. ಕ್ಯಾಶುಯಲ್ ಡೈನಿಂಗ್‌ಗೆ ಇದಕ್ಕಿಂತ ಕೆಟ್ಟ ಪೆಟ್ಟು ಬಿದ್ದಿರಲಿಲ್ಲ. ಕೆಲಸ ಕಳೆದುಕೊಂಡವನು ಮೊದಲು ಕೈಬಿಡುವುದು ಇಂಥ ಊಟವನ್ನೇ. 2008ರ ಜುಲೈನಲ್ಲಿ ಔಟ್‌ಬ್ಯಾಕ್ ಸ್ಥಾಪಕರಿಗೆ ಕಸುಬು ಕಲಿಸಿದ ಸ್ಟೇಕ್ ಅಂಡ್ ಏಲ್, ಅದರ ಸೋದರ ಸರಪಳಿ ಬೆನಿಗನ್ಸ್ ಜೊತೆಗೆ, ದಿವಾಳಿಯಾಗಿ ತನ್ನ ಹೋಟೆಲುಗಳಿಗೆ ರಾತ್ರೋರಾತ್ರಿ ಬೀಗ ಹಾಕಿತು. ಔಟ್‌ಬ್ಯಾಕ್ ಮುಳುಗಲಿಲ್ಲ, ಆದರೆ ಭಾರಿ ನಷ್ಟ ಬರೆದುಕೊಂಡಿತು. ಬಾಡಿಗೆ ಮತ್ತು ಬಡ್ಡಿ ಎರಡೂ ತಪ್ಪದೆ ಕಟ್ಟಬೇಕಾದ ಹೊರೆಗಳು, ಗಿರಾಕಿ ಬಂದರೂ ಬಾರದಿದ್ದರೂ.

2009ರ ಕೊನೆಯಲ್ಲಿ ಸೌಂದರ್ಯವರ್ಧಕಗಳ ಕಂಪನಿ ಏವನ್‌ನಿಂದ ಬಂದ ಎಲಿಜಬೆತ್ ಸ್ಮಿತ್ ಮುಖ್ಯಸ್ಥೆಯಾದರು. ಒಳಾಂಗಣದ ಮೊಸಳೆ-ಬೂಮರಾಂಗ್ ಆಟಿಕೆಗಳನ್ನು ತೆಗೆಸಿ ಹೊಸ ರೂಪ ಕೊಟ್ಟರು, ಕಡಿಮೆ ಬೆಲೆಯ ಊಟಗಳನ್ನು ತಂದರು. 2012ರ ಆಗಸ್ಟ್‌ನಲ್ಲಿ ಕಂಪನಿ ಬ್ಲೂಮಿನ್ ಬ್ರ್ಯಾಂಡ್ಸ್ ಎಂಬ ಹೊಸ ಹೆಸರಿನಲ್ಲಿ, ಷೇರಿಗೆ 11 ಡಾಲರಿನಂತೆ, ಷೇರುಪೇಟೆಗೆ ಮರಳಿತು. ಈ ವರ್ಷಗಳಲ್ಲೇ ಮಧ್ಯಾಹ್ನದ ಊಟವೂ ಮೊದಲು ವಾರಾಂತ್ಯಕ್ಕೆ, ಆಮೇಲೆ ವಾರದ ದಿನಗಳಿಗೆ ಹಬ್ಬಿತು.

ಮಧ್ಯಾಹ್ನ ತೆರೆದದ್ದು ಕಾಗದದ ಮೇಲೆ ಸರಿಯಾದ ನಿರ್ಧಾರ. ಬಾಡಿಗೆಯನ್ನು ಇಡೀ ದಿನಕ್ಕೆ ಕಟ್ಟುತ್ತಿರುವಾಗ ಅರ್ಧ ದಿನ ಬಾಗಿಲು ಮುಚ್ಚಿರುವುದೇಕೆ? ಆದರೆ ಆಫೀಸುಗಳಿಂದ ದೂರ ಕೂರುವುದೇ ಜಾಗ ಹುಡುಕುವಾಗಿನ ನಿಯಮವಾಗಿತ್ತಲ್ಲ. ರಾತ್ರಿಗೆಂದು ಆರಿಸಿದ ಜಾಗಕ್ಕೆ ಮಧ್ಯಾಹ್ನದ ಗಿರಾಕಿ ಎಲ್ಲಿಂದ ಬರಬೇಕು? ಮಾರಾಟ ಸ್ವಲ್ಪ ಏರಿತು, ಅದಕ್ಕಿಂತ ಹೆಚ್ಚಾಗಿ ಕೆಲಸದವರ ದುಡಿಮೆ ಏರಿತು. ಔಟ್‌ಬ್ಯಾಕ್ ತನ್ನ ಮೊದಲ ಶಿಸ್ತನ್ನು ಬಿಟ್ಟುಕೊಟ್ಟದ್ದು ಇಲ್ಲೇ ಎಂದು ಈ ಲೇಖಕನಿಗೆ ತೋರುತ್ತದೆ.

ಗುತ್ತಿಗೆ ಮುಗಿದಾಗ

ಅಮೆರಿಕದ ಬಡಾವಣೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಊರಿನ ಅಂಚು ಇನ್ನಷ್ಟು ಹೊರಗೆ ಸರಿಯುತ್ತದೆ. ಹೊಸ ಹೆದ್ದಾರಿಯ ಕೂಡುರಸ್ತೆಯಲ್ಲಿ ಹೊಸ ವ್ಯಾಪಾರ ಸಂಕೀರ್ಣ ಏಳುತ್ತದೆ. ಹಣವಂತ ಕುಟುಂಬಗಳು ಅದರ ಹಿಂದೆ ಹೋಗುತ್ತವೆ. ಹಳೆಯ ಸಂಕೀರ್ಣದಲ್ಲಿ ಮೊದಲು ದೊಡ್ಡ ದಿನಸಿ ಅಂಗಡಿ ಖಾಲಿಯಾಗುತ್ತದೆ, ಆಮೇಲೆ ಒಂದೊಂದಾಗಿ ಉಳಿದವು. ಕೊನೆಗೆ ಕತ್ತಲೆಯ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಕೆಂಪು ಅಕ್ಷರಗಳ ಒಂದು ಸ್ಟೇಕ್‌ಹೌಸ್ ಮಾತ್ರ ಉಳಿದಿರುತ್ತದೆ. 1990ರ ದಶಕದಲ್ಲಿ ಅತಿ ವೇಗದಲ್ಲಿ ಹರಡಿದ ಔಟ್‌ಬ್ಯಾಕ್‌ನ ನಕ್ಷೆ ಆ ದಶಕದ ಬಡಾವಣೆಗಳ ನಕ್ಷೆಯೂ ಹೌದು.

ಕಂಪನಿಗೆ ಇದು ತಿಳಿಯದೆ ಇರಲಿಲ್ಲ. 2010ರ ದಶಕದ ನಡುವಿನಿಂದ, ಚೆನ್ನಾಗಿ ನಡೆಯಬಹುದಾದ ಆದರೆ ತಪ್ಪು ಮೂಲೆಯಲ್ಲಿ ಉಳಿದುಹೋದ ಶಾಖೆಗಳನ್ನು ಅದೇ ಊರಿನ ಹೊಸ ವ್ಯಾಪಾರ ಕೇಂದ್ರಕ್ಕೆ ಸ್ಥಳಾಂತರಿಸುವ ಕಾರ್ಯಕ್ರಮ ಹಾಕಿಕೊಂಡಿತು. ಸ್ಥಳ ಬದಲಿಸಿದ ಶಾಖೆಗಳ ಮಾರಾಟ ಗಣನೀಯವಾಗಿ ಏರಿತು. ಅದೇ ಸ್ಟೇಕ್, ಅದೇ ಈರುಳ್ಳಿ. ತೊಂದರೆ ಅಡುಗೆಯದಲ್ಲ, ನೆಲದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಆದರೆ ಹೊಸ ಕಟ್ಟಡವೆಂದರೆ ದೊಡ್ಡ ಬಂಡವಾಳ. ಸಾಲವೂ ಬಾಡಿಗೆಯೂ ಇರುವ ಕಂಪನಿಗೆ ಎಲ್ಲವನ್ನೂ ಒಮ್ಮೆಗೇ ಕದಲಿಸುವ ಶಕ್ತಿ ಇರಲಿಲ್ಲ.

2020ರಲ್ಲಿ ಕೋವಿಡ್ ಬಂದು ಊಟದ ಕೋಣೆಗಳು ಮುಚ್ಚಿದವು. ಹಿಂದಿನ ವರ್ಷ 414 ಕೋಟಿ ಡಾಲರಿದ್ದ ಬ್ಲೂಮಿನ್‌ನ ಆದಾಯ 317 ಕೋಟಿಗೆ ಇಳಿಯಿತು. ಡೇವಿಡ್ ಡೆನೊ ಆಗ ಮುಖ್ಯಸ್ಥ. ಪಾರ್ಸೆಲ್ ಮತ್ತು ಮನೆಬಾಗಿಲಿಗೆ ತಲುಪಿಸುವ ವ್ಯಾಪಾರ ಕಂಪನಿಯನ್ನು ಉಳಿಸಿತು. 2023ರಲ್ಲಿ ಆದಾಯ 467 ಕೋಟಿ ಮುಟ್ಟಿತು, ಲಾಭವೂ ಬಂತು. ಈ ಅಂಕಿಗಳನ್ನು ನೋಡಿ ಸಂಭ್ರಮಿಸುವ ಮುನ್ನ ಒಂದು ಮಾತು. ಹೋಟೆಲು ಸರಪಳಿಯ ಆರೋಗ್ಯ ತಿಳಿಯಲು ಒಟ್ಟು ಆದಾಯ ಸಾಲದು. ಬೆಲೆ ಏರಿಸಿದರೂ ಆದಾಯ ಏರುತ್ತದೆ, ಹೊಸ ಶಾಖೆ ತೆರೆದರೂ ಏರುತ್ತದೆ. ನೋಡಬೇಕಾದದ್ದು ಹಳೆಯ ಶಾಖೆಗಳ ಬಾಗಿಲು ದಾಟಿ ಬಂದ ತಲೆಗಳನ್ನು. ಆ ಲೆಕ್ಕದಲ್ಲಿ ಔಟ್‌ಬ್ಯಾಕ್ ಹಿಂದೆ ಬೀಳುತ್ತಿತ್ತು. ಹಣದುಬ್ಬರದ ವರ್ಷಗಳಲ್ಲಿ ಏರಿಸಿದ ಬೆಲೆ ಆ ಇಳಿಕೆಯನ್ನು ಸ್ವಲ್ಪ ಕಾಲ ಮುಚ್ಚಿಟ್ಟಿತು. 2023ರಲ್ಲಿ ಸ್ಟಾರ್‌ಬೋರ್ಡ್ ವ್ಯಾಲ್ಯೂ ಎಂಬ ಹೂಡಿಕೆದಾರ ಸಂಸ್ಥೆ ದೊಡ್ಡ ಪಾಲು ಕೊಂಡು ಆಡಳಿತದ ಮೇಲೆ ಒತ್ತಡ ಹೇರಿತು.

2024ರ ಫೆಬ್ರುವರಿಯಲ್ಲಿ ಬ್ಲೂಮಿನ್ ತನ್ನ 41 ಹೋಟೆಲುಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು 1990ರ ಮತ್ತು 2000ದ ಆರಂಭದ ವರ್ಷಗಳ ಗುತ್ತಿಗೆಯ ಹಳೆಯ ಕಟ್ಟಡಗಳು ಎಂದು ಡೆನೊ ಆಗ ಹೂಡಿಕೆದಾರರಿಗೆ ಹೇಳಿದರು. ಆ ಕಟ್ಟಡಗಳನ್ನು ಹೊಸದು ಮಾಡಲು ಬೇಕಾದ ಹಣ, ಸುತ್ತಲಿನ ಪ್ರದೇಶದ ಸ್ಥಿತಿ ಎರಡನ್ನೂ ತೂಗಿ ನೋಡಿದ ಮೇಲೆ ಮುಚ್ಚುವುದೇ ಲೇಸೆನಿಸಿತ್ತು. ಅದೇ ವರ್ಷ ಹಾಂಗ್‌ಕಾಂಗ್‌ನ ಒಂಬತ್ತು ಔಟ್‌ಬ್ಯಾಕ್‌ಗಳ ಬಾಗಿಲೂ ಹಾಕಿತು.

ಬ್ರೆಜಿಲ್, ಕೊರಿಯ

ಅಮೆರಿಕದಲ್ಲಿ ಇಳಿಮುಖವಾದ ಹೆಸರು ಬೇರೆ ನೆಲದಲ್ಲಿ ಚಿಗುರಿದ್ದು ಈ ಕಥೆಯ ವಿಶೇಷ. ಬ್ರೆಜಿಲ್‌ನ ಮೊದಲ ಔಟ್‌ಬ್ಯಾಕ್ 1997ರಲ್ಲಿ ರಿಯೊ ಡಿ ಜನೈರೊದಲ್ಲಿ ತೆರೆಯಿತು. ಅದನ್ನು ತಂದವರಲ್ಲಿ ಪೀಟರ್ ರೋಡೆನ್‌ಬೆಕ್ ಒಬ್ಬರು. 1979ರಲ್ಲಿ ಮ್ಯಾಕ್‌ಡೊನಾಲ್ಡ್ಸ್‌ನ್ನು ಆ ದೇಶಕ್ಕೆ ತಂದವರೂ ಅವರೇ. ಬ್ರೆಜಿಲ್ ಎಂದರೆ ಮಾಂಸ ಸುಡುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲದ ನಾಡು. ಕಂಬಿಗೆ ಚುಚ್ಚಿದ ಮಾಂಸವನ್ನು ಮೇಜಿನ ಬಳಿಯೇ ಕೊಯ್ದು ಬಡಿಸುವ ಶುರಸ್ಕಾರಿಯಾಗಳು ಅಲ್ಲಿ ಬೀದಿಬೀದಿಗೂ ಇವೆ. ಅಂಥಲ್ಲಿ ಆಸ್ಟ್ರೇಲಿಯದ ವೇಷ ತೊಟ್ಟ ಅಮೆರಿಕದ ಸ್ಟೇಕ್‌ಗೆ ಜನ ಗಂಟೆಗಟ್ಟಲೆ ಸಾಲು ನಿಂತರು.

ಅದಕ್ಕೆ ಮುಖ್ಯ ಕಾರಣ ಜಾಗದ ಆಯ್ಕೆ. ಅಮೆರಿಕದಲ್ಲಿ ಮಾಲ್‌ಗಳು ಸೊರಗುತ್ತಿದ್ದ ಕಾಲದಲ್ಲಿ ಬ್ರೆಜಿಲ್‌ನ ಮಾಲ್‌ಗಳು ನಗರಜೀವನದ ನಡುಮನೆಯಾಗಿದ್ದವು. ರಾತ್ರಿ ರಸ್ತೆಯಲ್ಲಿ ಓಡಾಡಲು ಅಂಜುವ ನಗರಗಳಲ್ಲಿ, ಕಾವಲುಗಾರರಿರುವ, ಕಾರನ್ನು ನೆಮ್ಮದಿಯಿಂದ ಬಿಟ್ಟು ಬರಬಹುದಾದ ಮಾಲಿಗೆ ಕುಟುಂಬಗಳು ಸಿನಿಮಾಕ್ಕೂ ಊಟಕ್ಕೂ ಬರುತ್ತವೆ. ಔಟ್‌ಬ್ಯಾಕ್ ಅಲ್ಲಿ ಮಾಲ್‌ಗಳನ್ನೇ ಹಿಡಿಯಿತು. ಮಧ್ಯಾಹ್ನದ ಊಟವೂ ಅಲ್ಲಿ ಓಡಿತು, ಏಕೆಂದರೆ ಮಾಲಿನಲ್ಲಿ ಮಧ್ಯಾಹ್ನವೂ ಜನ. ಸಂಜೆ ‘ಬಿಲ್ಲಬಾಂಗ್ ಅವರ್’ ಹೆಸರಿನ ರಿಯಾಯಿತಿ ಹೊತ್ತಿನಲ್ಲಿ ಆಫೀಸು ಬಿಟ್ಟವರ ಗುಂಪು. ಮಕ್ಕಳ ಹುಟ್ಟುಹಬ್ಬ, ಗೆಳೆಯರ ಕೂಟ ಎಲ್ಲವೂ ಅಲ್ಲೇ. ತವರಿನಲ್ಲಿ ಅಪ್ಪ-ಅಮ್ಮಂದಿರ ಕಾಲದ ಹೋಟೆಲೆನಿಸಿದ್ದು ಇಲ್ಲಿ ಹರೆಯದವರದಾಯಿತು.

2013ರಲ್ಲಿ ಕಂಪನಿ ಬ್ರೆಜಿಲ್ ವ್ಯವಹಾರದ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಂಡಿತು. ಹತ್ತು ವರ್ಷ ಅದು ಕಂಪನಿಯ ಬೆಳವಣಿಗೆಯ ಮುಖ್ಯ ಊರುಗೋಲು. ಕೊನೆಗೆ ಅಮೆರಿಕದ ಸಾಲ ಇಳಿಸಲು ಹಣ ಬೇಕಾದಾಗ ಮಾರಿದ್ದೂ ಅದನ್ನೇ. 2024ರ ಡಿಸೆಂಬರ್ ಕೊನೆಯಲ್ಲಿ ಶೇ. 67ರಷ್ಟು ಪಾಲು ಬ್ರೆಜಿಲ್‌ನ ವಿಂಚಿ ಪಾರ್ಟ್‌ನರ್ಸ್ ಸಂಸ್ಥೆಗೆ ಸುಮಾರು 140 ಕೋಟಿ ರಿಯಲ್‌ಗೆ ಹೋಯಿತು. ಉಳಿದ ಶೇ. 33 ಮತ್ತು ಹೆಸರಿನ ರಾಯಲ್ಟಿ ಬ್ಲೂಮಿನ್‌ಗೆ ಉಳಿದವು. ಹಾಲು ಕೊಡುವ ಹಸುವನ್ನು ಮಾರಿ ಕೊಟ್ಟಿಗೆಯ ಸಾಲ ತೀರಿಸಿದಂತೆ ಇದು. ಬೇರೆ ದಾರಿ ಇತ್ತೇ ಎಂದರೆ, ಹೆಚ್ಚಿರಲಿಲ್ಲ.

ದಕ್ಷಿಣ ಕೊರಿಯದ ಕಥೆಗೆ ತಿರುವು ಹೆಚ್ಚು. ಅಲ್ಲಿಯೂ ಔಟ್‌ಬ್ಯಾಕ್ ಬಂದದ್ದು 1997ರಲ್ಲಿ, ಏಷ್ಯಾದ ಹಣಕಾಸು ಬಿಕ್ಕಟ್ಟಿನ ವರ್ಷ. ಆದರೂ 2000ದ ದಶಕದಲ್ಲಿ ಅದು ‘ಫ್ಯಾಮಿಲಿ ರೆಸ್ಟೋರೆಂಟ್’ಗಳ ಮುಂಚೂಣಿಗೆ ಬಂದು ಶಾಖೆಗಳು ನೂರನ್ನು ದಾಟಿದವು. ಪುಕ್ಕಟೆ ಕೊಡುವ ಕಂದು ಬಣ್ಣದ ಬುಷ್‌ಮನ್ ಬ್ರೆಡ್ಡಿಗೇ ಅಲ್ಲಿ ಅಭಿಮಾನಿಗಳಿದ್ದರು. ಆಮೇಲೆ ರುಚಿ ಬದಲಾಯಿತು, ಒಂಟಿಯಾಗಿ ಬದುಕುವವರು ಹೆಚ್ಚಿದರು, ಮೊಬೈಲ್ ಕಂಪನಿಗಳ ಕಾರ್ಡು ತೋರಿಸಿದರೆ ಸಿಗುವ ರಿಯಾಯಿತಿಗಾಗಿ ಮಾತ್ರ ಬರುವ ಗಿರಾಕಿ ಉಳಿದ. 2014ರ ನವೆಂಬರ್‌ನಲ್ಲಿ ಕಂಪನಿ ಅಲ್ಲಿ 34 ಶಾಖೆಗಳನ್ನು ಮುಚ್ಚುವ ತೀರ್ಮಾನ ಪ್ರಕಟಿಸಿತು. 2016ರಲ್ಲಿ ಕೊರಿಯದ ವ್ಯವಹಾರವನ್ನೇ ಸ್ಕೈಲೇಕ್ ಎಂಬ ಹೂಡಿಕೆ ಸಂಸ್ಥೆಗೆ ಸುಮಾರು 5 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು.

ಹೊಸ ಒಡೆಯರು ಬ್ಲೂಮಿನ್ ಬಯಸದ ದಾರಿ ಹಿಡಿದರು. ರಿಯಾಯಿತಿ ಕಡಿಮೆ ಮಾಡಿ, ಉದ್ದನೆಯ ಮೂಳೆ ಇರುವ ಟೊಮಾಹಾಕ್‌ನಂಥ ದುಬಾರಿ ಸ್ಟೇಕ್‌ಗಳನ್ನು ಮುಂದಿಟ್ಟರು, ಮನೆಗೆ ತಲುಪಿಸುವ ವ್ಯಾಪಾರ ಬೆಳೆಸಿದರು. 2021ರಲ್ಲಿ ಹುರಿದ ಕೋಳಿಯ ಸರಪಳಿ ನಡೆಸುವ ಬಿಎಚ್‌ಸಿ ಸಮೂಹ ಅದನ್ನು ಸ್ಕೈಲೇಕ್ ಕೊಟ್ಟ ಬೆಲೆಯ ಹಲವು ಪಟ್ಟು ಕೊಟ್ಟು ಕೊಂಡಿತು. ಅಂದಿನಿಂದ ರಸ್ತೆಬದಿಯ ಹಳೆಯ ಶಾಖೆಗಳು ಅಲ್ಲಿಯೂ ದೊಡ್ಡ ಮಾಲ್‌ಗಳ ಒಳಕ್ಕೆ ಸರಿಯುತ್ತಿವೆ. ಎರಡು ದೇಶಗಳಲ್ಲೂ ಕಾಣುವ ಸಾಮ್ಯ ಒಂದು: ಜನ ಈಗಾಗಲೇ ಎಲ್ಲಿ ಸೇರುತ್ತಾರೋ ಅಲ್ಲಿಗೆ ಹೋಟೆಲು ಹೋಯಿತು.

ಎದುರಾಳಿ

ಔಟ್‌ಬ್ಯಾಕ್‌ನ ಇಳಿಕೆಗೆ ಕಾಲವನ್ನು ದೂರುವುದು ಸುಲಭ. ಟೆಕ್ಸಸ್ ರೋಡ್‌ಹೌಸ್ ಇಲ್ಲದಿದ್ದರೆ ಆ ದೂರು ನಿಲ್ಲುತ್ತಿತ್ತು ಕೂಡ. ಕೆಂಟ್ ಟೇಲರ್ 1993ರಲ್ಲಿ ಇಂಡಿಯಾನಾ ರಾಜ್ಯದ ಕ್ಲಾರ್ಕ್ಸ್‌ವಿಲ್‌ನ ಒಂದು ಮಾಲಿನಲ್ಲಿ ಇದನ್ನು ಆರಂಭಿಸಿದರು. ಬಂಡವಾಳ ಕೊಟ್ಟವರು ಕೆಂಟಕಿಯ ಮೂವರು ವೈದ್ಯರು. ಮೊದಲ ಐದು ಹೋಟೆಲುಗಳಲ್ಲಿ ಮೂರು ಮುಚ್ಚಿದವು. ಆ ಮೂರೂ ಇದ್ದದ್ದು ಫ್ಲಾರಿಡಾದಲ್ಲಿ, ಔಟ್‌ಬ್ಯಾಕ್‌ನ ಅಂಗಳದಲ್ಲಿ.

ಟೇಲರ್ ಅನುಸರಿಸಿದ ನಿಯಮಗಳನ್ನು ಓದಿದವರಿಗೆ ಔಟ್‌ಬ್ಯಾಕ್‌ನ ಹಳೆಯ ಕಡತ ತೆರೆದಂತಾಗುತ್ತದೆ. ವಾರದ ದಿನಗಳಲ್ಲಿ ಹೆಚ್ಚಿನ ಶಾಖೆಗಳು ಸಂಜೆ ಮಾತ್ರ ತೆರೆಯುತ್ತವೆ. ಮ್ಯಾನೇಜರು 25,000 ಡಾಲರ್ ಹೂಡಿ ಲಾಭದ ಶೇ. 10 ಪಡೆಯುವ ಪಾಲುದಾರ. ಮಾಂಸವನ್ನು ಪ್ರತಿ ಶಾಖೆಯಲ್ಲೂ ತಣ್ಣನೆಯ ಕೋಣೆಯಲ್ಲಿ ಕೈಯಿಂದ ಕೊಯ್ಯುವವರಿದ್ದಾರೆ. ಅವರಿಗಾಗಿ ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯುತ್ತದೆ. ಜಾಗದ ಆಯ್ಕೆಯಲ್ಲಿ ಸಣ್ಣ, ಮಧ್ಯಮ ಊರುಗಳಿಗೆ ಒಲವು, ಸುತ್ತ ಪಾರ್ಕಿಂಗ್ ಇರುವ ಒಂಟಿ ಕಟ್ಟಡ. ವರ್ಷಕ್ಕೆ ಸುಮಾರು ಮೂವತ್ತು ಹೊಸ ಶಾಖೆ, ಅದಕ್ಕಿಂತ ಹೆಚ್ಚಿನ ಆತುರವಿಲ್ಲ. ಜಾಹೀರಾತಿಗೆ ದೇಶವ್ಯಾಪಿ ಟಿವಿ ಖರ್ಚು ಇಲ್ಲ, ಬೆಲೆ ಏರಿಸುವುದರಲ್ಲಿ ಜಿಪುಣತನ.

ಫಲ ಅಂಕಿಗಳಲ್ಲಿದೆ. 2019ರಲ್ಲಿ 276 ಕೋಟಿ ಡಾಲರಿದ್ದ ಆದಾಯ 2024ರಲ್ಲಿ 537 ಕೋಟಿ. ಆ ವರ್ಷದ ಕೊನೆಗೆ ಕಂಪನಿಯ ಎಲ್ಲ ಸರಪಳಿಗಳೂ ಸೇರಿ ಶಾಖೆಗಳು 784. ನಾಲ್ಕು ಹೆಸರುಗಳ ಬ್ಲೂಮಿನ್‌ನ ಅದೇ ವರ್ಷದ ಆದಾಯ, ಬ್ರೆಜಿಲ್ ಬಿಟ್ಟು, 395 ಕೋಟಿ. ಅಮೆರಿಕದ ಒಂದು ಔಟ್‌ಬ್ಯಾಕ್ ವರ್ಷಕ್ಕೆ ಸರಾಸರಿ ಸುಮಾರು 40 ಲಕ್ಷ ಡಾಲರ್ ವ್ಯಾಪಾರ ಮಾಡಿದರೆ, ಒಂದು ಟೆಕ್ಸಸ್ ರೋಡ್‌ಹೌಸ್ 80 ಲಕ್ಷಕ್ಕೂ ಹೆಚ್ಚು ಮಾಡುತ್ತದೆ. 2024ರ ಅಮೆರಿಕದ ಮಾರಾಟದಲ್ಲಿ ಅದು ಆಲಿವ್ ಗಾರ್ಡನ್ನನ್ನು ಹಿಂದಿಕ್ಕಿ ಕ್ಯಾಶುಯಲ್ ಡೈನಿಂಗ್‌ನ ಅತಿದೊಡ್ಡ ಹೆಸರಾಯಿತು. ಅದನ್ನು ನೋಡಲು ಟೇಲರ್ ಇರಲಿಲ್ಲ. ಕೋವಿಡ್ ನಂತರದ ಕಿವಿಮೊರೆತದ ಯಾತನೆಯಲ್ಲಿ 2021ರ ಮಾರ್ಚ್‌ನಲ್ಲಿ ಜೀವ ಕಳೆದುಕೊಂಡಿದ್ದರು. ಲಾಂಗ್‌ಹಾರ್ನ್ ಸ್ಟೇಕ್‌ಹೌಸ್ ಕೂಡ, 2007ರಲ್ಲಿ ಡಾರ್ಡನ್ ಕಂಪನಿಯ ಕೈಸೇರಿದ ಮೇಲೆ, ಸದ್ದಿಲ್ಲದೆ ಬೆಳೆದು 600 ಶಾಖೆಗಳ ಹತ್ತಿರ ಬಂದಿದೆ.

ಈಚಿನ ಸ್ಥಿತಿ

2024ರ ಸೆಪ್ಟೆಂಬರ್‌ನಲ್ಲಿ ಮೈಕ್ ಸ್ಪ್ಯಾನೊಸ್ ಬ್ಲೂಮಿನ್‌ನ ಮುಖ್ಯಸ್ಥರಾದರು. ಆ ವರ್ಷ ಕಂಪನಿ ನಷ್ಟದಲ್ಲಿ ಮುಗಿಯಿತು. 2024ರ ಆರಂಭದಲ್ಲಿ 30 ಡಾಲರಿನ ಹತ್ತಿರವಿದ್ದ ಷೇರು 2025ರಲ್ಲಿ ಹತ್ತು ಡಾಲರಿನ ಕೆಳಗೆ, ಅಂದರೆ 2012ರ ಮೊದಲ ಬೆಲೆಗಿಂತಲೂ ಕೆಳಗೆ ಬಿತ್ತು. ಇದೇ ಹೊತ್ತಿಗೆ ಮಾಂಸದ ಬೆಲೆ ಏರಿತು. ಬರಗಾಲ ಮತ್ತು ಮೇವಿನ ಕೊರತೆಯಿಂದ ಅಮೆರಿಕದ ದನಗಳ ಸಂಖ್ಯೆ 2025ರ ಜನವರಿಯಲ್ಲಿ 8.67 ಕೋಟಿಗೆ ಇಳಿದಿತ್ತು. 1951ರ ನಂತರ ಇಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಈ ಏಟು ಎಲ್ಲ ಸ್ಟೇಕ್‌ಹೌಸ್‌ಗಳಿಗೂ ಒಂದೇ. ಮೇಜು ತುಂಬಿರುವವನು ಅದನ್ನು ತಾಳಿಕೊಳ್ಳುತ್ತಾನೆ.

2025ರ ನವೆಂಬರ್‌ನಲ್ಲಿ ಸ್ಪ್ಯಾನೊಸ್ ಚೇತರಿಕೆಯ ಯೋಜನೆ ಪ್ರಕಟಿಸಿದರು. ಅದಕ್ಕೂ ಮೊದಲೇ 21 ಹೋಟೆಲುಗಳನ್ನು ಮುಚ್ಚಲಾಗಿತ್ತು. ಇನ್ನೂ 22ರ ಗುತ್ತಿಗೆಯನ್ನು ಮುಂದಿನ ನಾಲ್ಕು ವರ್ಷಗಳಲ್ಲಿ, ಅವಧಿ ಮುಗಿದ ಹಾಗೆ, ನವೀಕರಿಸದೆ ಬಿಡುವುದು ಎಂದಾಯಿತು. ಷೇರುದಾರರಿಗೆ ಕೊಡುತ್ತಿದ್ದ ಲಾಭಾಂಶ ನಿಂತಿತು. ಆ ಹಣ ಸ್ಟೇಕ್‌ನ ಗುಣಮಟ್ಟಕ್ಕೆ, ಸಾಲ ತೀರಿಕೆಗೆ ಮತ್ತು ಕಟ್ಟಡಗಳ ದುರಸ್ತಿಗೆ ಹೋಗಬೇಕು. 2028ರ ಕೊನೆಯೊಳಗೆ ಬಹುತೇಕ ಎಲ್ಲ ಔಟ್‌ಬ್ಯಾಕ್‌ಗಳಿಗೂ ಹೊಸ ಕಳೆ ಕೊಡುವುದು ಗುರಿ. ಬಡಿಸುವ ಕ್ರಮವೂ ಬದಲಾಗಿದೆ. ಖರ್ಚು ಉಳಿಸಲು ಹಿಂದಿನ ವರ್ಷಗಳಲ್ಲಿ ಒಬ್ಬೊಬ್ಬ ಬಡಿಸುವವರಿಗೆ ಆರು ಮೇಜುಗಳನ್ನು ವಹಿಸಲಾಗುತ್ತಿತ್ತು. ಈಗ ಅದನ್ನು ನಾಲ್ಕಕ್ಕೆ ಇಳಿಸಲಾಗಿದೆ.